ದಿನಬಳಕೆಗೆ ಒಂದೇ ಲೆನ್ಸ್: ಎಷ್ಟು ಎಂಎಂ ಇರಬೇಕು?

ಕ್ಯಾಮೆರಾ ಕೊಂಡು ಕೆಲವು ತಿಂಗಳಾಗುವಷ್ಟರಲ್ಲಿ ಬಹಳ ಮಂದಿಗೆ ಒಂದು ಪ್ರಶ್ನೆ ಹುಟ್ಟುತ್ತದೆ: ‘ಇನ್ನೊಂದು ಲೆನ್ಸ್ ತಗೋಬೇಕು ಅಂತಿದ್ದೀನಿ, ಯಾವುದು ತಗೊಳ್ಳಲಿ?’ ಅಂಗಡಿಯವರು 50 ಎಂಎಂ ಅನ್ನುತ್ತಾರೆ. ಯೂಟ್ಯೂಬ್‌ನಲ್ಲಿ ಮಾತಾಡುವವರು 35 ಅನ್ನುತ್ತಾರೆ. ಮದುವೆ ಫೋಟೊ ತೆಗೆಯುವ ಗೆಳೆಯ 85 ಬಿಟ್ಟು ಬೇರೆ ಹೆಸರೇ ಎತ್ತುವುದಿಲ್ಲ. ಮೂವರೂ ಅವರವರ ಮಟ್ಟಿಗೆ ಸರಿಯೇ. ಆದರೆ ನೀವು ಯಾರ ಫೋಟೊ ತೆಗೆಯುತ್ತೀರಿ, ಎಲ್ಲಿ ತೆಗೆಯುತ್ತೀರಿ, ಎಷ್ಟು ದೂರದಲ್ಲಿ ನಿಲ್ಲುತ್ತೀರಿ ಎಂಬುದು ಅವರಿಗೆ ಗೊತ್ತಿಲ್ಲ. ಲೆನ್ಸ್ ಆರಿಸಲು ಮುಖ್ಯವಾಗಿ ಬೇಕಾದ್ದು ಆ ಕೊನೆಯ ಉತ್ತರ, ಅಂದರೆ ದೂರ.

ಇಲ್ಲಿ ದಿನಬಳಕೆ ಎಂದರೆ ಮನೆ, ಮಕ್ಕಳು, ಹಬ್ಬ, ಬೀದಿ, ಸಂತೆ, ಪ್ರವಾಸ. ಹಕ್ಕಿ, ಹುಲಿ, ಕ್ರಿಕೆಟ್ ಮ್ಯಾಚುಗಳ ಲೆಕ್ಕವೇ ಬೇರೆ. ಅವನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಫೋಕಲ್ ಲೆಂಗ್ತ್ ಅಂದರೇನು?

ಲೆನ್ಸಿನ ಮೇಲೆ 35 ಎಂಎಂ, 50 ಎಂಎಂ ಎಂದು ಬರೆದಿರುತ್ತದಲ್ಲ, ಅದೇ ಫೋಕಲ್ ಲೆಂಗ್ತ್. ಹೈಸ್ಕೂಲಿನಲ್ಲಿ ಪೀನ ಮಸೂರದ ಪಾಠದಲ್ಲಿ ಸಂಗಮದೂರ ಎಂದು ಓದಿದ್ದು ಇದನ್ನೇ. ಬಹುದೂರದಿಂದ ಬರುವ ಬೆಳಕಿನ ಕಿರಣಗಳನ್ನು ಮಸೂರವು ಎಷ್ಟು ದೂರದಲ್ಲಿ ಒಂದು ಬಿಂದುವಿಗೆ ಸೇರಿಸುತ್ತದೆ ಎಂಬುದನ್ನು ಅದು ಮಿಲಿಮೀಟರ್‌ನಲ್ಲಿ ಹೇಳುತ್ತದೆ. ಇದು ಲೆನ್ಸಿನ ಮೈಯಳತೆಯಲ್ಲ. 50 ಎಂಎಂ ಲೆನ್ಸು ಐದು ಸೆಂಟಿಮೀಟರ್‌ಗಿಂತ ಗಿಡ್ಡವೂ ಇರಬಹುದು, ಉದ್ದವೂ ಇರಬಹುದು.

ನಮಗೆ ಬೇಕಾದ ವಿಷಯ ಸರಳ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಸಂಖ್ಯೆ ದೊಡ್ಡದಾದಷ್ಟೂ ನೋಟ ಕಿರಿದು, ದೂರದ್ದು ದೊಡ್ಡದಾಗಿ ಕಾಣುತ್ತದೆ. ಮೂಲೆಯಿಂದ ಮೂಲೆಗೆ ಅಳೆದರೆ 24 ಎಂಎಂ ಲೆನ್ಸು ಸುಮಾರು 84 ಡಿಗ್ರಿ ನೋಡುತ್ತದೆ. 35 ಎಂಎಂ 63 ಡಿಗ್ರಿ, 50 ಎಂಎಂ 47 ಡಿಗ್ರಿ, 85 ಎಂಎಂ 29 ಡಿಗ್ರಿ ನೋಡುತ್ತವೆ. ಹಾಗಾದರೆ ಹೆಚ್ಚು ಎಂಎಂ ಇದ್ದದ್ದು ಹೆಚ್ಚು ಒಳ್ಳೆಯ ಲೆನ್ಸೇ? ಇಲ್ಲ. ಗುಣಮಟ್ಟಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲ.

ಡಿಗ್ರಿಯಲ್ಲಿ ಹೇಳಿದರೆ ಕಣ್ಣಿಗೆ ಕಟ್ಟುವುದಿಲ್ಲ, ಅಡಿಯಲ್ಲಿ ನೋಡೋಣ. ಅಡುಗೆಮನೆ ಬಾಗಿಲಲ್ಲಿ ನೀವು ಕ್ಯಾಮೆರಾ ಅಡ್ಡ ಹಿಡಿದು ನಿಂತಿದ್ದೀರಿ. ಆರು ಅಡಿ ಆಚೆ ಅಮ್ಮ ಕಟ್ಟೆಯ ಮುಂದೆ ಹೋಳಿಗೆ ತಟ್ಟುತ್ತಿದ್ದಾರೆ. 24 ಎಂಎಂ ಹಾಕಿದರೆ ಅಲ್ಲಿ ಒಂಬತ್ತು ಅಡಿ ಅಗಲದ ಜಾಗ ಚೌಕಟ್ಟಿಗೆ ಬರುತ್ತದೆ. ಅಮ್ಮನ ಜೊತೆಗೆ ಒಲೆ, ಮಿಕ್ಸಿ, ಮೂಲೆಯ ಸಿಲಿಂಡರ್, ಗೋಡೆಯ ಕ್ಯಾಲೆಂಡರ್ ಎಲ್ಲವೂ ಬಂತು. 35 ಎಂಎಂನಲ್ಲಿ ಆರಡಿಗಿಂತ ತುಸು ಹೆಚ್ಚು ಅಗಲ ಸಿಗುತ್ತದೆ. ಅಮ್ಮ, ಒಲೆಯ ಮೇಲಿನ ಕಾವಲಿ, ಕಣಕ ಹೂರಣದ ಪಾತ್ರೆ ಉಳಿದವು, ಸಿಲಿಂಡರ್ ಹೋಯಿತು. 50 ಎಂಎಂನಲ್ಲಿ ಸಿಗುವುದು ನಾಲ್ಕಡಿ ಚಿಲ್ಲರೆ. ಸೊಂಟದಿಂದ ಮೇಲೆ ಅಮ್ಮ, ತಟ್ಟುತ್ತಿರುವ ಕೈ, ಇಷ್ಟೇ. 85 ಎಂಎಂಗೆ ಬಂದರೆ ಎರಡೂವರೆ ಅಡಿ. ಮುಖ ಮತ್ತು ಭುಜ ತುಂಬಿಕೊಳ್ಳುತ್ತವೆ, ಹೋಳಿಗೆಯೇ ಚೌಕಟ್ಟಿನಾಚೆ.

ನಾಲ್ಕೂ ಒಳ್ಳೆಯ ಫೋಟೊಗಳೇ. ನಿಮಗೆ ಇವುಗಳಲ್ಲಿ ಯಾವುದು ಬೇಕೆನಿಸಿತೋ ಅದು ನಿಮ್ಮ ಒಲವಿನ ಮೊದಲ ಸುಳಿವು.

ನಿಮ್ಮ ಕ್ಯಾಮೆರಾದ ಸೆನ್ಸರ್ ಯಾವುದು?

ಮೇಲಿನ ಲೆಕ್ಕವೆಲ್ಲ ಫುಲ್ ಫ್ರೇಮ್ ಕ್ಯಾಮೆರಾದ್ದು. ಅಂದರೆ ಬೆಳಕನ್ನು ಹಿಡಿಯುವ ಸೆನ್ಸರ್ 36 ಎಂಎಂ ಅಗಲ, 24 ಎಂಎಂ ಎತ್ತರ ಇರುವಂಥದ್ದು. ಈ ಅಳತೆ ಫಿಲ್ಮ್ ಕಾಲದ್ದು. 1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ ಸಿನಿಮಾ ಫಿಲ್ಮನ್ನೇ ಬಳಸಿಕೊಂಡು ಮಾರುಕಟ್ಟೆಗೆ ಬಂದಾಗ ಈ ಅಳತೆ ಮನೆಮಾತಾಯಿತು. ಅದಕ್ಕಿದ್ದದ್ದು 50 ಎಂಎಂ ಲೆನ್ಸ್. ಇವತ್ತಿಗೂ 50 ಎಂಎಂ ಅನ್ನು ‘ನಾರ್ಮಲ್ ಲೆನ್ಸ್’ ಎಂದು ಕರೆಯುವ ವಾಡಿಕೆ ಉಳಿದಿದೆ. ಆ ಚೌಕಟ್ಟಿನ ಕರ್ಣ ಸುಮಾರು 43 ಎಂಎಂ. ಫೋಕಲ್ ಲೆಂಗ್ತ್ ಅದರ ಆಸುಪಾಸಿನಲ್ಲಿದ್ದರೆ ನೋಟ ಬಹಳ ಅಗಲವೂ ಅಲ್ಲ, ಕಿರಿದೂ ಅಲ್ಲ ಅನಿಸುತ್ತದೆ.

ಹವ್ಯಾಸಿಗಳ ಕೈಯಲ್ಲಿರುವ ಹೆಚ್ಚಿನ ಕ್ಯಾಮೆರಾಗಳ ಸೆನ್ಸರ್ ಇದಕ್ಕಿಂತ ಚಿಕ್ಕದು. ಅದನ್ನು ಎಪಿಎಸ್-ಸಿ ಅನ್ನುತ್ತಾರೆ. ಲೆನ್ಸ್ ಮೂಡಿಸುವ ಬಿಂಬ ಕಾವಲಿಯ ಮೇಲಿನ ದೋಸೆ ಇದ್ದಂತೆ. ದೋಸೆ ಅಷ್ಟೇ ಇರುತ್ತದೆ, ಚಿಕ್ಕ ಸೆನ್ಸರ್ ಅದರ ನಡುವಿನ ಚಿಕ್ಕ ತುಂಡನ್ನು ಮಾತ್ರ ಎತ್ತಿಕೊಳ್ಳುತ್ತದೆ. ಹಾಗಾಗಿ ಅದೇ ಲೆನ್ಸಿನಲ್ಲಿ ನೋಟ ಕಿರಿದಾಗುತ್ತದೆ. ಎಷ್ಟು ಕಿರಿದು ಎಂದು ಹೇಳುವ ಸಂಖ್ಯೆಗೆ ಕ್ರಾಪ್ ಫ್ಯಾಕ್ಟರ್ ಎಂದು ಹೆಸರು.

ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ಅದು 1.5. ಕೆನಾನ್‌ನಲ್ಲಿ 1.6. ಮೈಕ್ರೋ ಫೋರ್ ಥರ್ಡ್ಸ್ ಎಂಬ ಇನ್ನೂ ಚಿಕ್ಕ ಸೆನ್ಸರಿನಲ್ಲಿ 2. ಲೆನ್ಸಿನ ಎಂಎಂ ಅನ್ನು ಇದರಿಂದ ಗುಣಿಸಿ. ನಿಕಾನ್ ಎಪಿಎಸ್-ಸಿ ಕ್ಯಾಮೆರಾಕ್ಕೆ 50 ಎಂಎಂ ಹಾಕಿದರೆ ಫುಲ್ ಫ್ರೇಮಿನ 75 ಎಂಎಂನಷ್ಟು ನೋಟ. ಕೆನಾನ್‌ನಲ್ಲಿ 80 ಎಂಎಂನಷ್ಟು.

‘50 ಎಂಎಂ ಎಲ್ಲದಕ್ಕೂ ಆಗುತ್ತೆ’ ಎಂಬ ಸಲಹೆ ಕೇಳಿ ಕೊಂಡವರು ‘ಮನೆಯೊಳಗೆ ಏನೂ ಹಿಡಿಸಲ್ಲ’ ಎಂದು ಗೊಣಗುವುದು ಇದಕ್ಕೇ. ಆ ಸಲಹೆ ಹುಟ್ಟಿದ್ದು ಫುಲ್ ಫ್ರೇಮಿಗೆ. ಈ ಲೇಖನದಲ್ಲಿ ಮುಂದೆ ಹೇಳುವ ಎಂಎಂ, ಎಪಿಎಸ್-ಸಿ ಅಥವಾ ಕಿಟ್ ಲೆನ್ಸಿನ ಮಾತು ಬಂದ ಕಡೆ ಬಿಟ್ಟರೆ, ಫುಲ್ ಫ್ರೇಮ್ ಲೆಕ್ಕದ್ದು. ನಿಮ್ಮದು ಎಪಿಎಸ್-ಸಿ ಆದರೆ ಹೀಗೆ ನೆನಪಿಟ್ಟುಕೊಳ್ಳಿ:

28ರ ನೋಟ ಬೇಕಾದರೆ 18 ಎಂಎಂ.
35ರ ನೋಟ ಬೇಕಾದರೆ 23 ಅಥವಾ 24 ಎಂಎಂ.
50ರ ನೋಟ ಬೇಕಾದರೆ 33 ಅಥವಾ 35 ಎಂಎಂ.
85ರ ನೋಟ ಬೇಕಾದರೆ 56 ಎಂಎಂ ಆಸುಪಾಸು.

ದೂರವೇ ಮುಖದ ಆಕಾರ

‘ವೈಡ್ ಲೆನ್ಸಿನಲ್ಲಿ ಮೂಗು ದಪ್ಪ ಬರುತ್ತೆ’ ಎಂಬ ದೂರು ಸಾಮಾನ್ಯ. ಇಲ್ಲಿ ತಪ್ಪು ಲೆನ್ಸಿನದ್ದಲ್ಲ, ನಿಂತ ಜಾಗದ್ದು. ಮೂಗಿನ ತುದಿಯಿಂದ ಕಿವಿಗೆ ಸುಮಾರು ಐದು ಇಂಚು ಅಂದುಕೊಳ್ಳಿ. ನೀವು ಮೂಗಿನಿಂದ ಒಂದೇ ಅಡಿ ದೂರದಲ್ಲಿದ್ದರೆ ಕಿವಿ ಮೂಗಿಗಿಂತ ಶೇಕಡಾ 40ರಷ್ಟು ಹೆಚ್ಚು ದೂರದಲ್ಲಿದೆ. ಹಾಗಾಗಿ ಮೂಗು ದೊಡ್ಡದು, ಕಿವಿ ಚಿಕ್ಕದು. ಐದು ಅಡಿ ದೂರಕ್ಕೆ ಸರಿದರೆ ಆ ವ್ಯತ್ಯಾಸ ಶೇಕಡಾ 8ಕ್ಕೆ ಇಳಿಯುತ್ತದೆ. ಮುಖ ಮುಖದಂತೆಯೇ ಕಾಣುತ್ತದೆ.

ಅಗಲ ಲೆನ್ಸಿನಲ್ಲಿ ಮುಖ ತುಂಬಿಸಬೇಕಾದರೆ ಹತ್ತಿರ ಹೋಗಲೇಬೇಕು. ಅದರಿಂದ ಈ ತೊಂದರೆ. 85 ಎಂಎಂ ಹಾಕಿದರೆ ದೂರ ನಿಲ್ಲಲೇಬೇಕು. ಅದರಿಂದ ಅದು ಮುಖಚಿತ್ರಕ್ಕೆ ಹೆಸರುವಾಸಿ. ಫೋಕಲ್ ಲೆಂಗ್ತ್ ಆರಿಸುವುದು ಎಂದರೆ, ಜನರಿಂದ ನೀವು ಎಷ್ಟು ದೂರ ನಿಲ್ಲಬೇಕೆಂದು ಮೊದಲೇ ತೀರ್ಮಾನಿಸಿದ ಹಾಗೆ.

ಒಂದೊಂದು ಲೆನ್ಸೂ ಎಲ್ಲಿ ಸಲ್ಲುತ್ತದೆ?

ನಿಂತಿರುವ ಒಬ್ಬರು ತಲೆಯಿಂದ ಪಾದದವರೆಗೆ ಅಡ್ಡ ಚೌಕಟ್ಟಿನಲ್ಲಿ ಬರಬೇಕು ಅನ್ನೋಣ. ಮೇಲೆ ಕೆಳಗೆ ಒಂದಿಷ್ಟು ಜಾಗ ಬಿಟ್ಟರೆ ಒಟ್ಟು ಆರೂವರೆ ಅಡಿ. ಅದಕ್ಕೆ 28 ಎಂಎಂನಲ್ಲಿ ನೀವು ಏಳೂವರೆ ಅಡಿ ದೂರ ನಿಲ್ಲಬೇಕು. 35ರಲ್ಲಿ ಒಂಬತ್ತೂವರೆ ಅಡಿ. 50ರಲ್ಲಿ ಹದಿಮೂರೂವರೆ ಅಡಿ. 85ರಲ್ಲಿ ಇಪ್ಪತ್ತಮೂರು ಅಡಿ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದರೆ ಇದರ ಮೂರನೇ ಎರಡು ಭಾಗ ಸಾಕು. ಈಗ ನಿಮ್ಮ ಮನೆಯ ಹಾಲ್ ಅಳೆದು ನೋಡಿ.

28 ಎಂಎಂ: ಇಕ್ಕಟ್ಟಿನ ಜಾಗಕ್ಕೆ ಒಳ್ಳೆಯದು. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯುತ್ತಿದ್ದರೆ ಮಂಟಪ, ಕೂತ ದಂಪತಿ, ಪುರೋಹಿತರು, ಬಾಗಿಲಲ್ಲಿ ಇಣುಕುವ ಮಕ್ಕಳು, ಎಲ್ಲರೂ ಒಟ್ಟಿಗೆ ಸಿಗುತ್ತಾರೆ. ಕಷ್ಟವೂ ಅದರಲ್ಲೇ ಇದೆ. ಬೇಡದ್ದೂ ಒಳಗೆ ಬರುತ್ತದೆ. ಗುಂಪು ಫೋಟೊದಲ್ಲಿ ಅಂಚಿಗೆ ನಿಂತವರು ಅಡ್ಡಕ್ಕೆ ಎಳೆದಂತೆ ಕಾಣುತ್ತಾರೆ. ಜನರ ಹತ್ತಿರ ಹೋಗಲು ಸಂಕೋಚವಿಲ್ಲದವರಿಗೆ ಇದು ಸರಿ. ನಿಮ್ಮ ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26 ಎಂಎಂ ಇರುತ್ತದೆ ಎಂಬುದೂ ಗಮನದಲ್ಲಿರಲಿ. ಈ ನೋಟ ನಿಮಗೆ ಹೊಸದೇನಲ್ಲ.

35 ಎಂಎಂ: ಮನುಷ್ಯರೂ ಬರಬೇಕು, ಅವರಿರುವ ಜಾಗವೂ ಗೊತ್ತಾಗಬೇಕು ಅನ್ನುವವರಿಗೆ ಇದು. ಸಂತೆಯಲ್ಲಿ ಸೊಪ್ಪು ಮಾರುವವರ ಎದುರು ಐದಾರು ಅಡಿ ದೂರದಲ್ಲಿ ನಿಂತರೆ ಅವರೂ ಬರುತ್ತಾರೆ, ಮುಂದಿನ ಕಂತೆಗಳೂ ಬರುತ್ತವೆ, ಹಿಂದಿನ ಜನರ ಓಡಾಟವೂ ಇರುತ್ತದೆ. ಅದು ಎರಡು ಮಾತಾಡುವ ದೂರವೂ ಹೌದು. ಕೇಳಿಯೇ ಕ್ಲಿಕ್ಕಿಸಬಹುದು. ಲೆನ್ಸ್ ಬಿಚ್ಚಲಾಗದ ಫ್ಯೂಜಿಫಿಲ್ಮ್ ಎಕ್ಸ್100 ಸರಣಿಯ ಕ್ಯಾಮೆರಾಗಳಿಗೆ 2011ರಿಂದಲೂ ಇದೇ ನೋಟ ಕೊಡುವ 23 ಎಂಎಂ ಲೆನ್ಸನ್ನೇ ಕೂರಿಸಿದ್ದಾರೆ.

50 ಎಂಎಂ: ಒಂದೇ ವಿಷಯದ ಮೇಲೆ ಕಣ್ಣು ನೆಡುವವರಿಗೆ. ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ ತಮ್ಮ ಬಹುಪಾಲು ಕೆಲಸವನ್ನು ಲೈಕಾ ಮತ್ತು 50 ಎಂಎಂನಲ್ಲೇ ಮಾಡಿದರು. ಜಗಲಿಯಲ್ಲಿ ಕೂತ ಅಜ್ಜ, ಎಲೆಯ ಮೇಲೆ ಬಡಿಸಿದ ಊಟ, ಹೂ ಕಟ್ಟುವ ಕೈ, ಇಂಥವು ಇದರಲ್ಲಿ ಚೆನ್ನ. ಹಿನ್ನೆಲೆಯ ಗಲಾಟೆ ತಾನಾಗಿ ಕಡಿಮೆಯಾಗುತ್ತದೆ. ಆದರೆ ಚಿಕ್ಕ ಮನೆಯಲ್ಲಿ ಹಿಂದೆ ಸರಿದರೆ ಗೋಡೆ ಬೆನ್ನಿಗೆ ಬಡಿಯುತ್ತದೆ.

85 ಎಂಎಂ: ಮುಖಚಿತ್ರ, ವೇದಿಕೆ, ದೂರದ ವಿವರಕ್ಕೆ. ರಾತ್ರಿಯ ಯಕ್ಷಗಾನದಲ್ಲಿ ಮುಂದಿನ ಸಾಲಲ್ಲಿ ಕೂತು ವೇಷಧಾರಿಯ ಕಣ್ಣು, ಕಿರೀಟ ಹಿಡಿಯಬೇಕಾದರೆ ಇದು ಬೇಕು. ಮನೆಯೊಳಗಿನ ದಿನಬಳಕೆಗೆ ಇದೊಂದನ್ನೇ ನಂಬುವುದು ಕಷ್ಟ.

ಇವುಗಳ ನಡುವೆ 40 ಎಂಎಂ ಕೂಡ ಇದೆ. 35 ಅಗಲವಾಯಿತು, 50 ಬಿಗಿಯಾಯಿತು ಅನ್ನುವವರು ಇದನ್ನು ನೋಡಬಹುದು. ನಿಕಾನ್ ಜೆಡ್ ಕ್ಯಾಮೆರಾಗಳಿಗೆ 40 ಎಂಎಂ ಎಫ್/2 ಎಂಬ ಪುಟ್ಟ ಲೆನ್ಸ್ ಸಿಗುತ್ತದೆ.

ಕಾಸಿಲ್ಲದ ಪರೀಕ್ಷೆ

ಮೊದಲ ಪರೀಕ್ಷೆ ನಿಮ್ಮ ಹಳೆಯ ಫೋಟೊಗಳ ಮೇಲೆ. ಪ್ರತಿ ಫೋಟೊದ ಒಳಗೂ ಅದನ್ನು ಎಷ್ಟು ಎಂಎಂನಲ್ಲಿ ತೆಗೆದದ್ದು ಎಂಬ ಮಾಹಿತಿ ಅಡಗಿರುತ್ತದೆ. ಅದಕ್ಕೆ ಎಕ್ಸಿಫ್ ಎನ್ನುತ್ತಾರೆ. ವಿಂಡೋಸ್ ಕಂಪ್ಯೂಟರಿನಲ್ಲಿ ಫೋಟೊದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ನಂತರ ಡೀಟೇಲ್ಸ್ ಒತ್ತಿ. ಅಲ್ಲಿ ಫೋಕಲ್ ಲೆಂಗ್ತ್ ಕಾಣುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಚಿತ್ರವನ್ನು ಮೇಲಕ್ಕೆ ಸರಿಸಿದರೆ ಬರುತ್ತದೆ. ವಾಟ್ಸಾಪಿನಲ್ಲಿ ಫೋಟೊವಾಗಿ ಬಂದದ್ದರಲ್ಲಿ ಈ ಮಾಹಿತಿ ಉಳಿದಿರುವುದಿಲ್ಲ, ಮೂಲ ಫೈಲನ್ನೇ ನೋಡಿ.

ಎಲ್ಲ ಫೋಟೊ ಲೆಕ್ಕಹಾಕಬೇಡಿ. ನಿಮಗೆ ನಿಜಕ್ಕೂ ಇಷ್ಟವಾದವು, ಪ್ರಿಂಟ್ ಹಾಕಿಸಿದವು, ಮನೆಯವರು ಮತ್ತೆ ಕೇಳಿ ಪಡೆದವು, ಇವನ್ನಷ್ಟೇ ನೋಡಿ. ಕಿಟ್ ಲೆನ್ಸ್, ಅಂದರೆ ಎಪಿಎಸ್-ಸಿ ಕ್ಯಾಮೆರಾ ಜೊತೆ ಬರುವ 18-55 ಎಂಎಂ ಝೂಮ್ ಬಳಸಿದ್ದರೆ 18 ಮತ್ತು 55ರಲ್ಲೇ ರಾಶಿ ಬಿದ್ದಿರಬಹುದು. ಝೂಮನ್ನು ಕೊನೆತನಕ ತಿರುಗಿಸಿಬಿಡುವುದು ಕೈಯ ಅಭ್ಯಾಸ. ಹಾಗಾಗಿ ಎರಡನೆಯ ಪರೀಕ್ಷೆ ಬೇಕು.

ಆ ಕಿಟ್ ಲೆನ್ಸಿನ ಉಂಗುರದ ಮೇಲೆ 18, 24, 35, 55 ಎಂದು ಗುರುತುಗಳಿರುತ್ತವೆ. 1.5ರಿಂದ ಗುಣಿಸಿ ನೋಡಿ: 27, 36, 52, 82. ನಾವು ಈಗಷ್ಟೇ ಮಾತಾಡಿದ ನಾಲ್ಕೂ ನೋಟಗಳು ಹೆಚ್ಚುಕಡಿಮೆ ಅಲ್ಲೇ ಇವೆ. ಉಂಗುರವನ್ನು 24ಕ್ಕೆ ತಂದು, ಪೇಂಟರುಗಳು ಬಳಸುವ ಕಾಗದದ ಮಾಸ್ಕಿಂಗ್ ಟೇಪ್ ಸುತ್ತಿ. ಸೆಲ್ಲೋಟೇಪ್ ಬೇಡ, ಅಂಟು ಉಳಿಯುತ್ತದೆ. ಒಂದು ವಾರ ಹಾಗೇ ಬಳಸಿ. ಮುಂದಿನ ವಾರ 35ಕ್ಕೆ ಬದಲಿಸಿ.

ಬಳಸುವಾಗ ಕಾಲಿನ ಕಡೆ ಗಮನವಿಡಿ. ಮತ್ತೆ ಮತ್ತೆ ಹಿಂದೆ ಸರಿಯುತ್ತಿದ್ದೀರಾ? ನಿಮಗೆ ಇನ್ನೂ ಅಗಲದ್ದು ಬೇಕು. ಯಾವಾಗಲೂ ಮುಂದೆ ಹೋಗುತ್ತಿದ್ದೀರಾ? ಅಥವಾ ಮನೆಗೆ ಬಂದು ಅಂಚುಗಳನ್ನು ಕತ್ತರಿಸುತ್ತಿದ್ದೀರಾ? ಹೆಚ್ಚು ಎಂಎಂ ಬೇಕು. ಹೆಜ್ಜೆ ಬದಲಿಸದೆ ಚಿತ್ರ ಕೂತುಕೊಳ್ಳುತ್ತಿದ್ದರೆ ನಿಮ್ಮ ಫೋಕಲ್ ಲೆಂಗ್ತ್ ಸಿಕ್ಕಿತು.

ಇನ್ನೂ ಕ್ಯಾಮೆರಾ ಕೊಳ್ಳದವರು ಮೊಬೈಲಿನಲ್ಲೇ ನೋಡಬಹುದು. ಮುಖ್ಯ ಕ್ಯಾಮೆರಾ 24 ಎಂಎಂ ಆಗಿದ್ದರೆ 1.5 ಪಟ್ಟು ಝೂಮ್ ಸುಮಾರು 35ರ ನೋಟ, 2 ಪಟ್ಟು ಸುಮಾರು 50ರ ನೋಟ.

ಝೂಮ್ ಇರುವಾಗ ಪ್ರೈಮ್ ಏಕೆ?

ಪ್ರೈಮ್ ಎಂದರೆ ಝೂಮ್ ಇಲ್ಲದ, ಒಂದೇ ಫೋಕಲ್ ಲೆಂಗ್ತಿನ ಲೆನ್ಸ್. ಅದರ ದೊಡ್ಡ ಲಾಭ ಬೆಳಕು. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಗೆ ಅಪರ್ಚರ್ ಎನ್ನುತ್ತಾರೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕಿಟ್ ಲೆನ್ಸನ್ನು 35ಕ್ಕೆ ತಿರುಗಿಸಿದಾಗ ಕಿಂಡಿ ಸಾಮಾನ್ಯವಾಗಿ ಎಫ್/4.5ರ ಆಸುಪಾಸಿಗೆ ನಿಲ್ಲುತ್ತದೆ. 35 ಎಂಎಂ ಎಫ್/1.8 ಪ್ರೈಮ್ ಅದಕ್ಕಿಂತ ಆರು ಪಟ್ಟು ಹೆಚ್ಚು ಬೆಳಕು ಬಿಡುತ್ತದೆ.

ಇದರಿಂದ ಏನಾಯಿತು? ಸಂಜೆ ಟ್ಯೂಬ್‌ಲೈಟಿನ ಕೆಳಗೆ ಮಗು ಆಡುತ್ತಿದೆ. ಕಿಟ್ ಲೆನ್ಸಿನಲ್ಲಿ ಶಟರ್ ಸೆಕೆಂಡಿನ 20ನೇ ಒಂದು ಭಾಗ ತೆರೆದಿರಬೇಕಾದರೆ, ಪ್ರೈಮಿನಲ್ಲಿ 125ನೇ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಮಗುವಿನ ಕೈಕಾಲು ಕಲಸಿಹೋಗುತ್ತವೆ, ಎರಡನೆಯದರಲ್ಲಿ ಬಹುಮಟ್ಟಿಗೆ ನಿಲ್ಲುತ್ತವೆ. ಸ್ಟೆಬಿಲೈಸೇಶನ್, ಅಂದರೆ ಕೈ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಸಾಲದೇ? ಅದು ನಿಮ್ಮ ಕೈಯನ್ನು ಸ್ಥಿರವಾಗಿಸುತ್ತದೆ, ಮಗುವನ್ನಲ್ಲ.

ಕೈಯಲ್ಲಿ ಹಿಡಿದು ತೆಗೆಯುವಾಗ ಹಳೆಯ ನಿಯಮವೊಂದಿದೆ. ಫುಲ್ ಫ್ರೇಮ್ ಲೆಕ್ಕದ ಎಂಎಂ ಎಷ್ಟೋ, ಶಟರ್ ವೇಗ ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕಿಂತ ನಿಧಾನವಿರಬಾರದು. 35ಕ್ಕೆ 35ನೇ ಒಂದು, 85ಕ್ಕೆ 85ನೇ ಒಂದು. ಅಂದರೆ ಕಡಿಮೆ ಬೆಳಕಿನಲ್ಲಿ ಚಿಕ್ಕ ಎಂಎಂ ಹಿಡಿಯುವುದು ಸುಲಭ.

ಬೆಲೆ ಎಷ್ಟು? ಎಲ್ಲಿ ಕೊಳ್ಳುವುದು?

ಬೆಲೆ ಆಗಾಗ ಬದಲಾಗುತ್ತದೆ, ಅಂದಾಜಿಗೆ ಮಾತ್ರ ಹೇಳುತ್ತೇನೆ. ಕೆನಾನ್ ಡಿಎಸ್‌ಎಲ್‌ಆರ್‌ಗಳ 50 ಎಂಎಂ ಎಫ್/1.8 ಹತ್ತು ಸಾವಿರ ರೂಪಾಯಿಯ ಆಸುಪಾಸು. ಎಫ್/1.8, ಎಫ್/2 ಅಳತೆಯ ಉಳಿದ ಸಾಧಾರಣ ಪ್ರೈಮುಗಳು ಹದಿನೈದರಿಂದ ನಲವತ್ತು ಸಾವಿರದ ನಡುವೆ ಸಿಗುತ್ತವೆ. ವೃತ್ತಿನಿರತರ ಎಫ್/1.4, ಎಫ್/1.2 ಲೆನ್ಸುಗಳು ಲಕ್ಷ ದಾಟುವುದುಂಟು. ದಿನಬಳಕೆಗೆ ಅವು ಬೇಕಿಲ್ಲ. ಭಾರವೂ ಹೆಚ್ಚು, ಭಾರವಾದದ್ದು ಮನೆಯಲ್ಲೇ ಉಳಿಯುತ್ತದೆ. ಟಿಟಿಆರ್ಟಿಸಾನ್, 7ಆರ್ಟಿಸಾನ್ಸ್ ಕಂಪನಿಗಳ ಕೆಲವು ಲೆನ್ಸು ಹತ್ತು ಸಾವಿರದೊಳಗೂ ಇವೆ. ಆದರೆ ಅವುಗಳಲ್ಲಿ ಹೆಚ್ಚಿನವನ್ನು ಕೈಯಿಂದಲೇ ಫೋಕಸ್ ಮಾಡಬೇಕು. ಓಡುವ ಮಕ್ಕಳಿದ್ದ ಮನೆಗೆ ಅದು ಹೊಂದುವುದಿಲ್ಲ.

ಕೊಳ್ಳುವ ಮುನ್ನ ಮೌಂಟ್ ನೋಡಿ. ಮೌಂಟ್ ಎಂದರೆ ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸುವ ಬಾಯಿ. ಕೆನಾನ್‌ನ ಹಳೆಯ ಇಎಫ್ ಲೆನ್ಸು ಹೊಸ ಆರ್‌ಎಫ್ ಕ್ಯಾಮೆರಾಕ್ಕೆ ಅಡಾಪ್ಟರ್ ಮೂಲಕ ಕೂರುತ್ತದೆ, ಆರ್‌ಎಫ್ ಲೆನ್ಸು ಹಳೆಯ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ. ನಿಕಾನ್ ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅವಕ್ಕೆ ಎಎಫ್-ಎಸ್ ಎಂದು ಬರೆದ ಲೆನ್ಸನ್ನೇ ಕೇಳಿ. ಅಗ್ಗವೆಂದು ಹಳೆಯ ಎಎಫ್-ಡಿ ತಂದರೆ ತಾನಾಗಿ ಫೋಕಸ್ ಆಗುವುದಿಲ್ಲ.

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಲೆನ್ಸ್ ಬಾಡಿಗೆಗೂ ಸಿಗುತ್ತದೆ. ಸಾಧಾರಣ ಪ್ರೈಮಿಗೆ ದಿನಕ್ಕೆ ಕೆಲವು ನೂರು ರೂಪಾಯಿ. ಗುರುತಿನ ಚೀಟಿ, ಮುಂಗಡ ಹಣ ಕೇಳುತ್ತಾರೆ. ಟೇಪ್ ಪರೀಕ್ಷೆ ಮುಗಿಸಿ, ಒಂದು ಶನಿವಾರ ಭಾನುವಾರ ಬಾಡಿಗೆ ತಂದು ನೋಡುವುದು ಜಾಣತನ. ಹೊಸದಾಗಿ ಕೊಳ್ಳುವಾಗ ಜಿಎಸ್‌ಟಿ ಬಿಲ್ ಮತ್ತು ಭಾರತದ ವಾರಂಟಿ ಕಾರ್ಡ್ ಕೇಳಿ ಪಡೆಯಿರಿ. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೆ ರಿಪೇರಿಯ ಹೊಣೆ ನಿಮ್ಮದೇ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದೇ? ಧಾರಾಳವಾಗಿ. ಆದರೆ ಟಾರ್ಚ್ ಹಿಡಿದು ಹೋಗಿ. ಲೆನ್ಸಿನ ಒಂದು ಬದಿಯಿಂದ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಅಂದರೆ ಬೂಷ್ಟು. ಅದನ್ನು ಬಿಟ್ಟು ಬನ್ನಿ. ಒಂದೆರಡು ಧೂಳಿನ ಕಣ ಇದ್ದರೆ ತೊಂದರೆಯಿಲ್ಲ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಈ ಬೂಷ್ಟಿನ ಕಾಟ ಹೆಚ್ಚು. ಲೆನ್ಸನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವ ಅಳೆಯುವ ಪುಟ್ಟ ಮೀಟರ್ ಇಡಿ. ಶೇಕಡಾ 40ರಿಂದ 50ರ ನಡುವೆ ಇದ್ದರೆ ಸಾಕು. ವಾರಕ್ಕೊಮ್ಮೆಯಾದರೂ ಹೊರತೆಗೆದು ಬಳಸಿ.

ಕೊನೆಗೆ ಯಾವುದು?

ಪರೀಕ್ಷೆಯ ನಂತರವೂ ಗೊಂದಲ ಉಳಿದರೆ ನನ್ನ ಸಲಹೆ ಇಷ್ಟು. ಮನೆಯೊಳಗಿನ ಹಬ್ಬ, ಊರು, ಪ್ರವಾಸ ನಿಮ್ಮ ಮುಖ್ಯ ವಿಷಯವಾದರೆ 35ರ ನೋಟ ಆರಿಸಿ, ಅಂದರೆ ಎಪಿಎಸ್-ಸಿಯಲ್ಲಿ 23 ಅಥವಾ 24 ಎಂಎಂ. ಒಬ್ಬೊಬ್ಬರ ಮುಖ, ಮಕ್ಕಳು, ಊಟ, ಹೂವು ಹೆಚ್ಚಾದರೆ 50ರ ನೋಟ, ಅಂದರೆ ಎಪಿಎಸ್-ಸಿಯಲ್ಲಿ 35 ಎಂಎಂ ಎಫ್/1.8. 85 ಅನ್ನು ಎರಡನೆಯ ಲೆನ್ಸಾಗಿ ಇಟ್ಟುಕೊಳ್ಳಿ. ಕಿಟ್ ಲೆನ್ಸನ್ನು ಮಾರಬೇಡಿ, ಅದಕ್ಕೆ ಸಿಗುವ ಹಣ ಕಡಿಮೆ, ಹಂಪಿಯಂಥ ಕಡೆ ಅದರ 18 ಎಂಎಂ ಬೇಕಾಗುತ್ತದೆ. ಹೊಸ ಲೆನ್ಸ್ ಬಂದ ಮೇಲೆ ಒಂದಾರು ತಿಂಗಳು ಬೇರೆ ಲೆನ್ಸಿನ ಬೆಲೆ ನೋಡಲು ಹೋಗಬೇಡಿ. ಅಷ್ಟು ದಿನ ಒಂದೇ ಫೋಕಲ್ ಲೆಂಗ್ತ್ ಬಳಸಿದರೆ, ಕ್ಯಾಮೆರಾ ಎತ್ತುವ ಮೊದಲೇ ಎಲ್ಲಿ ನಿಲ್ಲಬೇಕೆಂದು ನಿಮಗೆ ಗೊತ್ತಾಗುತ್ತದೆ.